ಹಲಗೆಯ ಮೇಲೆ ಒಂದು ಹೆಸರು

ಬಲ್ಮಠದ ಆ ಬ್ಯಾಂಕಿನಲ್ಲಿ, ಮ್ಯಾನೇಜರರ ಕ್ಯಾಬಿನ್ನಿನ ಪಕ್ಕದ ಗೋಡೆಗೆ ಒಂದು ಮರದ ಹಲಗೆ ತೂಗುಹಾಕಿದೆ. ಶಾಖೆ ಶುರುವಾದಂದಿನಿಂದ ಬಂದ ಮ್ಯಾನೇಜರುಗಳ ಹೆಸರೆಲ್ಲ ಅದರ ಮೇಲಿದೆ. ಹೊಸಬರು ಬಂದಾಗ ಪೇಂಟರ್ ಝೇವಿಯರನಿಗೆ ಫೋನು ಮಾಡುವುದು, ಹೆಸರನ್ನು ಚೀಟಿಯಲ್ಲಿ ಬರೆದು ಕೊಡುವುದು, ಒತ್ತು ದೀರ್ಘ ತಪ್ಪದಂತೆ ಪಕ್ಕದಲ್ಲಿ ನಿಂತು ನೋಡುವುದು ಚಂಪಾಳ ಕೆಲಸ. ಅಕ್ಷರ ಚಂದ ಎಂಬ ಒಂದೇ ಕಾರಣಕ್ಕೆ ಕೊರಳಿಗೆ ಬಿದ್ದದ್ದು.

ಎರಡು ಸಲ ವರ್ಗವಾಗಿ ಹೋಗಿ ಮತ್ತೆ ಇಲ್ಲಿಗೇ ಬಂದವಳು ಹೀಗೆ ಆರು ಹೆಸರು ಬರೆಸಿದ್ದಾಳೆ. ಏಳನೆಯದು ತನ್ನದಾಗಬೇಕೆಂಬ ಆಸೆಯನ್ನು ಗಂಡ ನೋಣಯ್ಯನೆದುರೂ ಬಾಯಿಬಿಟ್ಟವಳಲ್ಲ. ಆದರೆ ಬೆಳಿಗ್ಗೆ ಒಳಗೆ ಬರುವಾಗ ದಿನಾ ಕಣ್ಣು ಹೋಗುವುದು ಆ ಹಲಗೆಯ ಖಾಲಿ ಜಾಗಕ್ಕೇ.

ಈ ಸಲ ಇಲ್ಲಿಯ ಮ್ಯಾನೇಜರ್ ಹುದ್ದೆಯ ಬಡ್ತಿ ಪಟ್ಟಿಯಲ್ಲಿ ಬಂದದ್ದು ತನ್ಮಯಿಯ ಹೆಸರು. ಒಂಬತ್ತು ವರ್ಷದ ಹಿಂದೆ ಚಂಪಾಳ ಪಕ್ಕದಲ್ಲಿ ಕೂತು ಕೆಲಸ ಕಲಿತ ಹುಡುಗಿ. ಚುರುಕು, ಅದರಲ್ಲಿ ಎರಡು ಮಾತಿಲ್ಲ. ಚಂಪಾಳದ್ದು ಮೂವತ್ತೊಂದು ವರ್ಷದ ಸರ್ವೀಸು. ನಿವೃತ್ತಿಗೆ ಉಳಿದದ್ದು ಹದಿನಾಲ್ಕು ತಿಂಗಳು.

ಮಧ್ಯಾಹ್ನ ಯೂನಿಯನ್ನಿನ ಸಿಪ್ರಿಯನ್ ಕೋರ್ಟಿನ ಅರ್ಜಿ ಹಿಡಿದುಕೊಂಡು ಬಂದ.

“ರೂಲಿನಲ್ಲಿ ಸ್ಪಷ್ಟ ಉಂಟು ಚಂಪಕ್ಕ. ಇಂಟರ್‌ವ್ಯೂನಲ್ಲಿ ಪಾಸಾದ್ರೆ ಸಾಕು, ಮತ್ತೆ ಯಾರು ಸೀನಿಯರೋ ಅವರಿಗೆ. ನೀವು ಪಾಸಾಗಿದ್ದೀರಿ. ಇವರು ಮಾರ್ಕು ನೋಡಿ ಕೊಟ್ಟಿದ್ದಾರೆ. ಇವತ್ತು ಸೈನ್ ಹಾಕಿ, ನಾಳೆ ಫೈಲ್ ಮಾಡ್ತೇವೆ.”

“ಆಗ ತನ್ಮಯಿದು ಹೋಗ್ತದಾ?”

“ಹೋಗ್ತದೆ. ಎಂತ ಮಾಡುವುದು?” ಅವನು ದನಿ ತಗ್ಗಿಸಿದ. “ನೀವಾದ್ರೂ ಎಂತ ಮಾರಾಯ್ತಿ, ವರ್ಷ ವರ್ಷ ನಮ್ಮ ಕೆಲಸದ ಬಗ್ಗೆ ತುಂಬಿಸುವ ಫಾರ್ಮಿನಲ್ಲಿ, ವಿಶೇಷ ಸಾಧನೆ ಅಂತ ಇರುವ ಕಾಲಮಿನಲ್ಲಿ ಐದು ವರ್ಷವೂ ‘ಎಂದಿನ ಕೆಲಸ’ ಅಂತ ಬರೆದಿದ್ದೀರಿ. ಅದಕ್ಕೆ ಯಾರು ಮಾರ್ಕು ಕೊಡ್ತಾರೆ?”

ಚಂಪಾಳಿಗೆ ನಾಚಿಕೆಯಾಯಿತು. ಅರ್ಧ ಶಾಖೆಯವರ ಆ ಕಾಲಮನ್ನು ತುಂಬಿಸಿಕೊಟ್ಟವಳು ಅವಳೇ. ತನ್ಮಯಿಯದ್ದನ್ನಂತೂ ಪುಟ ತುಂಬ ಬರೆದಿದ್ದಳು. ತನ್ನ ಫಾರ್ಮಿಗೆ ಬಂದಾಗ ಮಾತ್ರ ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಕೈ ಬರಲಿಲ್ಲ. ಕೇಳದೆ ಕೊಡುತ್ತಾರೆ ಎಂದು ನಂಬಿದ್ದಳು, ಪೆದ್ದಿ.

ಸಹಿ ಹಾಕದ ಅರ್ಜಿ ಡ್ರಾಯರಿನಲ್ಲೇ ಉಳಿಯಿತು. ನಾಲ್ಕು ಗಂಟೆಗೆ ಝೇವಿಯರ್ ಬಣ್ಣದ ಡಬ್ಬಿಯೊಂದಿಗೆ ಬಂದ. ಚಂಪಾ ಎಂದಿನಂತೆ ಚೀಟಿ ಬರೆದು ಕೊಟ್ಟಳು.

ಅವನು ಓದಿ ತಲೆಯೆತ್ತಿದ. “ಇದು ನಿಮ್ಮ ಹೆಸರಲ್ವಾ ಅಕ್ಕ?”

ಚೀಟಿಯಲ್ಲಿ ದುಂಡಗೆ, ದೀರ್ಘ ಸಮೇತ, ‘ಚಂಪಾ’ ಎಂದಿತ್ತು. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ ತನ್ಮಯಿಯೂ ಕೇಳಿಸಿಕೊಂಡಳು.

ಚಂಪಾ ಚೀಟಿಯನ್ನು ವಾಪಸು ತೆಗೆದುಕೊಂಡಳು. ಹರಿಯಲು ಮನಸ್ಸು ಬರಲಿಲ್ಲ, ಮಡಚಿ ಪರ್ಸಿನಲ್ಲಿಟ್ಟಳು. ಇನ್ನೊಂದರಲ್ಲಿ ‘ತನ್ಮಯಿ’ ಎಂದು ಅಷ್ಟೇ ಚಂದವಾಗಿ ಬರೆದು ಕೊಟ್ಟಳು. ಆಮೇಲೆ ಡ್ರಾಯರ್ ಎಳೆದು, ತನ್ಮಯಿ ನೋಡುತ್ತಿದ್ದಂತೆಯೇ ಅರ್ಜಿಗೆ ಸಹಿ ಹಾಕಿದಳು.

“ನಿನ್ನ ಮೇಲೆ ಕೋಪ ಇಲ್ಲ ಮಗಾ. ನೀನು ಆಗ್ಬೇಕಾದವಳೇ,” ಎಂದಳು. “ಆದ್ರೆ ನಂಗೆ ಬೇಕು. ತುಂಬ ಬೇಕು. ಇಷ್ಟು ವರ್ಷ ಹೇಳ್ಲಿಲ್ಲ, ಅಷ್ಟೆ.”

ತನ್ಮಯಿ ಅವಳ ಪಕ್ಕದಲ್ಲಿ ಬಂದು ಕೂತಳು, ಕೆಲಸ ಕಲಿಯುವಾಗ ಕೂರುತ್ತಿದ್ದ ಅದೇ ಕುರ್ಚಿಯಲ್ಲಿ.

ಝೇವಿಯರ್ ಕುಂಚ ಅದ್ದಿ ಮೊದಲ ಅಕ್ಷರ ಎಳೆದ.

“ಝೇವಿಯರ್, ಅದರ ಕೆಳಗೆ ಜಾಗ ಉಳೀತದಾ?” ಚಂಪಾ ಕೇಳಿದಳು.

ಅವನು ಗೇಣು ಹಾಕಿ ನೋಡಿದ.

“ಒಂದು ಹೆಸರಿಗೆ ಉಂಟು.”