ಹಲ್ಲು ಮೂಡುವ ಮೊದಲು

ಕಾಂತೇಶನ ಮೈಯಲ್ಲಿ ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವ ರಕ್ತಕಣಗಳು ಹುಟ್ಟಿನಿಂದಲೇ ಇರಲಿಲ್ಲ. ಮೂವತ್ತೊಂದು ವರ್ಷ ಹೇಗೋ ತಳ್ಳಿದ್ದ. ನಾಲ್ಕನೆಯ ಸಲ ಬಂದ ನ್ಯುಮೋನಿಯಾ ಬಿಡಲಿಲ್ಲ. ಈಗ ಕಡಹಿನಬೈಲಿನ ಹಳೆಯ ಜಮೀನಿನ ಮೂಲೆಯಲ್ಲಿ ಪಕ್ಕದ ತೋಟದ ನಾಗಪ್ಪ ಅವನಿಗಾಗಿ ಗುಂಡಿ ತೋಡುತ್ತಿದ್ದ. ಎರಡು ಗುದ್ದಲಿ ಮಣ್ಣು ಎಳೆದಿದ್ದನಷ್ಟೆ, ಕಾಂತೇಶನ ದೊಡ್ಡಪ್ಪ ಲಿಂಗಪ್ಪ ಕೈಯೆತ್ತಿದ.

“ಅಲ್ಲಿ ಬೇಡ ಮಾರಾಯ. ಆಚೆ ತೋಡು.”

“ಆಚೆ ಬರೀ ಕಲ್ಲು ಲಿಂಗಪ್ಪಣ್ಣ. ಇಲ್ಲಿ ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ. ರಿಪೇರಿಗೆ ಕೊಟ್ಟ ನನ್ನ ಪಂಪನ್ನ ಕಾಂತೇಶ ಬಿಚ್ಚಿದ್ದು ಬಿಚ್ಚಿದಂಗೇ ಇಟ್ಟು ಹೋದ, ಈಗ ನನ್ನ ಸೊಂಟಾನೂ ಬಿಚ್ಚಿಸ್ತಾನೆ ನೋಡು.”

“ಬೇಡ ಅಂದ್ನಲ್ಲ.”

ನಾಗಪ್ಪ ಗೊಣಗುತ್ತ ಆಚೆ ಸರಿದ.

ಕಾಂತೇಶನ ತಂಗಿ ಶಿವಾನಿ ಇದನ್ನೆಲ್ಲ ಕೇಳಿಸಿಕೊಂಡಳು. ತೊಡೆಯ ಮೇಲೆ ಎಂಟು ತಿಂಗಳ ಮಗ, ಸೋರುವ ಕಿವಿಗೆ ಹತ್ತಿ. ಎರಡು ತಿಂಗಳಲ್ಲಿ ಮೂರು ಸಲ ಜ್ವರ. ಶಿವಮೊಗ್ಗದ ಡಾಕ್ಟರು ಒಂದೇ ಮಾತು ಕೇಳಿದ್ದರು: ನಿಮ್ಮ ತಾಯಿಯ ಕಡೆ ಗಂಡುಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡಿದ್ದುಂಟೆ? ಜೊತೆಗೆ ಬಂದಿದ್ದ ಅಮ್ಮ ಗಂಗಾಂಬಿಕೆ, ಇಲ್ಲ ಎಂದಿದ್ದಳು. ಗಂಡ ಉಜ್ವಲ್ ಆ ಇಲ್ಲವನ್ನೇ ಹಿಡಿದು ಕೂತಿದ್ದ.

“ನಿಮ್ಮಣ್ಣಂಗೆ ಬಂತು ಅಂತ ನನ್ನ ಮಗಂಗೂ ಅಂಟಿಸ್ತೀಯಾ? ಇದು ಹಲ್ಲು ಬರೋ ಜ್ವರ. ರಕ್ತ ಪರೀಕ್ಷೆ ಅಂತ ಮಣಿಪಾಲಕ್ಕೆಲ್ಲ ಹೋಗೋದು ಬೇಡ.”

*

ಶಿವಾನಿ ಐದು ತಿಂಗಳ ಬಸುರಿಯಾಗಿದ್ದಾಗ ಎನ್.ಆರ್. ಪುರದ ತನ್ನ ರಿಪೇರಿ ಅಂಗಡಿಯಲ್ಲಿ ಕಾಂತೇಶ ಸುಟ್ಟ ಮೋಟಾರೊಂದರ ತಂತಿ ಕಿತ್ತು ತೋರಿಸಿದ್ದ.

“ನೋಡು, ಕರೆಂಟ್ ಬರುತ್ತೆ, ಸ್ವಿಚ್ಚೂ ಸರಿ ಇದೆ. ಒಳಗೆ ತಂತಿಯೇ ಇಲ್ಲ. ನಾನೂ ಹಿಂಗೇ. ತಿಂಗಳಿಗೊಂದ್ಸಲ ಬೇರೆಯವರ ಪ್ರತಿಕಾಯ ಡ್ರಿಪ್ಪಲ್ಲಿ ಏರಿಸ್ಕೊಂಡು ತಿರುಗ್ತೀನಿ.”

“ಎಲ್ಲಿಂದ ಬಂತೋ ನಿಂಗೆ?”

“ಅಮ್ಮನಿಂದ ಬಂದಿರಬಹುದು, ನನ್ನಲ್ಲೇ ಹೊಸದಾಗಿ ಶುರುವಾಗಿರಬಹುದು ಅಂದ್ರು ಡಾಕ್ಟರು. ಅಮ್ಮನಿಂದ ಆದ್ರೆ ನಿನ್ನಲ್ಲೂ ಅಡಗಿರಬಹುದು. ನಿಂಗೇನೂ ಆಗಲ್ಲ. ಗಂಡು ಹುಟ್ಟಿದ್ರೆ ಮಾತ್ರ ರಕ್ತ ಪರೀಕ್ಷೆ ಮಾಡ್ಸು. ನಂಗೆ ಗೊತ್ತಾಗೋ ಹೊತ್ತಿಗೆ ಶ್ವಾಸಕೋಶ ಅರ್ಧ ಹೋಗಿತ್ತು.”

“ಹೆಣ್ಣಾದ್ರೆ?”

“ನಿನ್ನಂಗೇ ಜಗಳಗಂಟಿ ಆಗ್ತಾಳೆ. ಅದಕ್ಕೆ ಎಲ್ಲೂ ಔಷಧಿ ಇಲ್ಲ.”

*

ಹಣೆತುಂಬ ವಿಭೂತಿ ಬಳಿದು ಕಾಂತೇಶನನ್ನು ಗುಂಡಿಯಲ್ಲಿ ಕೂರಿಸಿದರು. ಎಲ್ಲರೂ ಮಣ್ಣು ಹಾಕಿದರು. ಶಿವಾನಿ ಅಮ್ಮನ ಪಕ್ಕಕ್ಕೆ ಹೋಗಿ ನಿಂತಳು.

“ದೊಡ್ಡಪ್ಪ ಅಲ್ಲಿ ತೋಡಬೇಡ ಅಂದ್ರು. ಅಲ್ಲಿ ಯಾರಿದ್ದಾರಮ್ಮ?”

“ಯಾರೂ ಇಲ್ಲ.”

“ಅಮ್ಮ.”

“ಹಲ್ಲು ಹುಟ್ಟೋ ಮೊದಲೇ ಹೋದವು ಕಣೆ. ಅಂಥವನ್ನ ಎಣಿಸಬಾರದು, ಉಳಿದವಕ್ಕೆ ಒಳ್ಳೇದಾಗಲ್ಲ. ನಮ್ಮತ್ತೆ ಹೇಳಿದ್ದು.”

“ಡಾಕ್ಟರು ಕೇಳಿದ್ದು ಅದನ್ನೇ!”

“ಅವರು ಮಕ್ಕಳು ಅಂತ ಕೇಳಿದ್ರು. ನಂಗೆ ಮಕ್ಕಳು ಇಬ್ಬರೇ, ಅವನು, ನೀನು.”

ಗಂಗಾಂಬಿಕೆ ಸುಳ್ಳು ಹೇಳಿರಲಿಲ್ಲ. ಆ ಮನೆಯ ಲೆಕ್ಕವೇ ಹಾಗಿತ್ತು.

“ಗಂಡೋ, ಹೆಣ್ಣೋ?” ಶಿವಾನಿಯ ದನಿ ಏರಿತು. ಉಜ್ವಲ್ ತಿರುಗಿದ. ಮಗು ಕೆಮ್ಮತೊಡಗಿತು, ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು.

ಗಂಗಾಂಬಿಕೆ ಮೊಮ್ಮಗನನ್ನೇ ನೋಡಿದಳು. ಬುಟ್ಟಿಯಲ್ಲಿ ಉಳಿದಿದ್ದ ಸೇವಂತಿಗೆಯನ್ನು ಬೊಗಸೆಯಲ್ಲಿ ಎತ್ತಿಕೊಂಡು ನಾಗಪ್ಪ ಮೊದಲು ಗುದ್ದಲಿ ಹಾಕಿದ ಜಾಗಕ್ಕೆ ಹೋದಳು. ಅಲ್ಲಿ ಕಲ್ಲಿಲ್ಲ, ಗುರುತಿಲ್ಲ, ಬರೀ ಹುಲ್ಲು. ಅವಳು ಹುಡುಕಲೂ ಇಲ್ಲ. ಬಗ್ಗಿ ಒಂದು ಕಡೆ ಹೂವಿಟ್ಟಳು. “ಇವನಿಗೆ ಏಳು ತಿಂಗಳು.” ಎರಡು ಹೆಜ್ಜೆ ಸರಿದಳು. “ಇವನಿಗೆ ಒಂಬತ್ತು.” ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. “ಇವನಿಗೆ ಎಂಟು ತುಂಬಿತ್ತು.”

ಉಜ್ವಲ್ ಶಿವಾನಿಯ ಕೈಯಿಂದ ಮಗುವನ್ನು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಸಿಗ್ನಲ್ ಸಿಗುವ ದಿಬ್ಬದ ಕಡೆ ನಡೆದ.

ಹುಲ್ಲಿನ ಮೇಲೆ ಮೂರು ಕಡೆ ಹೂವಿತ್ತು, ಹಸಿ ಮಣ್ಣಿನ ಮೇಲೆ ಒಂದು ಕಡೆ. ನಾಲ್ಕು ಗಂಡುಮಕ್ಕಳು.