ಬೋರ್‌ವೆಲ್ಲಿಗೆ ಹೆಪ್ಪು

ಸಭೆ ಕೆಟ್ಟಿದ್ದು ‘ಹುಳ’ ಎಂಬ ಒಂದೇ ಮಾತಿನಿಂದ.

ನಂಜನಗೂಡಿನ ಹೊರಗೆ ಎಂದೋ ಬಾಗಿಲು ಹಾಕಿದ ಕಾರ್ಖಾನೆಯೊಂದು, ಯಂತ್ರ ತೊಳೆದ ದ್ರಾವಕವನ್ನು ವರ್ಷಗಟ್ಟಲೆ ನೆಲಕ್ಕೆ ಸುರಿದು ಪಕ್ಕದ ಊರಿನ ಅಂತರ್ಜಲ ಕೆಡಿಸಿತ್ತು. ಆ ವಿಷ ತಿನ್ನುವ ಸೂಕ್ಷ್ಮಾಣುಗಳನ್ನೂ ಅವುಗಳ ಮೇವಿಗೆ ಸಾರಾಯಿ ಕಾಯಿಸಲು ಬಳಸುವ ಕಾಕಂಬಿಯನ್ನೂ ಚನ್ನಾಜಮ್ಮನ ಹೊಲದ ಬೋರ್‌ವೆಲ್ಲಿಗೆ ಇಳಿಸಬೇಕಿತ್ತು. ಆಮೇಲೆ ಹದಿನೈದು ದಿನ ಸುತ್ತಲಿನ ಯಾವ ಪಂಪೂ ಓಡಕೂಡದು. ಓಡಿದರೆ ಎಲ್ಲವನ್ನೂ ಎಳೆದುಕೊಂಡುಬಿಡುತ್ತದೆ. ಊರು ಒಪ್ಪದಿದ್ದರೆ ಕೆಲಸ ಬಂದ್. ಸೋಸಲೆಯಿಂದ ಎರಡು ಬಸ್ಸು ಹತ್ತಿ ಬರುವ, ಈ ಯೋಜನೆಯ ಸಹಾಯಕಿ ಕವನಳ ಮೊದಲ ನೌಕರಿಯೂ ಬಂದ್.

ಎಂಜಿನಿಯರ್ ಕೃಷ್ಣಕುಮಾರ್ ಅರಳಿಕಟ್ಟೆಯ ಮೇಲೆ ನಿಂತು, “ನೀರಿಗೆ ಒಳ್ಳೆ ಹುಳ ಬಿಡ್ತೀವಿ” ಎಂದರು.

“ಉಳ್ವಾ!” ಚನ್ನಾಜಮ್ಮ ಎದ್ದೇ ಬಿಟ್ಟಳು. “ಇರೋ ಇಸ ಸಾಲ್ದು ಅಂತ ಉಳ ಬೇರೆ ಬಿಟ್ಟೀರಾ? ನಿಮ್ಮನೆ ಸಂಪ್‌ಗೆ ಬಿಟ್ಕೊಳಿ ಓಗಿ ಸಾ!”

“ಕಾಕಂಬಿನೂ ಕುಡುಸ್ತಾರಂತೆ ಕಣಜ್ಜಿ,” ಎಂದ ಪಕ್ಕದ ಹೊಲದ ಹುಚ್ಚಯ್ಯ. “ನಮಗಿಲ್ದಿದ್ ಯೋಗ ಉಳಕ್ಕೆ!”

ಜನ ಬಿದ್ದು ಬಿದ್ದು ನಕ್ಕರು. ಕೃಷ್ಣಕುಮಾರ್ ಫೈಲು ಮುಚ್ಚತೊಡಗಿದರು. ದಿನಚರಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಾಯಿ ಬಿಡದ ಕವನಳಿಗೆ ಏನಾಯಿತೋ, ಹಿಂದಿನಿಂದ ಕೀರಲು ದನಿಯೊಂದು ಹೊರಟಿತು.

“ಹುಳ ಅಲ್ಲ ಅಜ್ಜಿ... ಹೆಪ್ಪು. ನೆಲಕ್ಕೆ ಹೆಪ್ಪು ಹಾಕ್ತೀವಿ.”

ಚನ್ನಾಜಮ್ಮ ಅವಳನ್ನೇ ನೋಡಿದಳು. “ಎಪ್ಪಾ? ಅಂಗನ್ನು ಮತ್ತೆ! ಎಪ್ಪಾಕುದ್ಮೇಲೆ ಅಲ್ಲಾಡುಸ್ಬಾರ್ದು. ಲೇ ಉಚ್ಚಯ್ಯ, ನಿನ್ ಮೋಟ್ರು ನಿಲ್ಸ್ಲಾ!”

ಪಂಪಿನ ಮಾತನ್ನು ಯಾರೂ ಇನ್ನೂ ಎತ್ತಿರಲೇ ಇಲ್ಲ.

ಬೆಳೆಗೆ ನಾಲೆಯಲ್ಲಿ ನೀರಿತ್ತು; ಹೆಪ್ಪು ಬೋರ್‌ವೆಲ್ಲಿಗೆ ಇಳಿಯಿತು, ಮೋಟರುಗಳೆಲ್ಲ ಸುಮ್ಮನಾದವು. ಅಷ್ಟೇ ಆಗಿದ್ದರೆ ಸರಿ, ಹದಿನೈದು ದಿನ ಊರೇ ತುದಿಗಾಲಲ್ಲಿ ನಡೆಯಿತು. ಟ್ರ್ಯಾಕ್ಟರು ಕೆರೆ ಏರಿ ಸುತ್ತಿಕೊಂಡು ಹೋಯಿತು. ಹುಚ್ಚಯ್ಯ ಬಂದ ಸೀನನ್ನು ಟವಲಿನಲ್ಲಿ ಅದುಮಿ ಕಣ್ಣು ಕೆಂಪಗೆ ಮಾಡಿಕೊಂಡ. ಚನ್ನಾಜಮ್ಮ ಕೊಳವೆಗೆ ಕಂಬಳಿ ಹೊದಿಸಿ, “ಬೆಚ್ಚುಗಿರ್ಲಿ” ಎಂದಳು. ಬೇಡವೆನ್ನಲು ಕವನಳಿಗೆ ಮನಸ್ಸೇ ಬರಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ನಕ್ಕೂ ನಕ್ಕೂ ಬಸ್ಸು ಬದಲಿಸಬೇಕಾದ ಟಿ. ನರಸೀಪುರದಲ್ಲಿ ಇಳಿಯುವುದನ್ನೇ ಮರೆತಳು.

ಮೂರು ತಿಂಗಳಿಗೆ ವರದಿ ಬಂತು. ಕುಡಿಯಲು ಇನ್ನೂ ಆಗದು, ಆದರೆ ವಿಷ ಅರ್ಧಕ್ಕರ್ಧ ಇಳಿದಿತ್ತು. ಕವನ ಬಸ್ಸಿಳಿದವಳೇ ಓಡಿದಳು.

“ಎಪ್ಪು ಕಟ್ತಾ ಮಗಾ?” ಚನ್ನಾಜಮ್ಮ ದೂರದಿಂದಲೇ ಕೇಳಿದಳು.

“ಕಟ್ತು ಕಣಜ್ಜೀ!” ಅವಳ ಕೂಗಿಗೆ ಅರಳಿಮರದ ಕಾಗೆಗಳೆಲ್ಲ ಎದ್ದವು.

ಹುಚ್ಚಯ್ಯ ಗಾಬರಿಯಿಂದ ಬಾಯಿಗೆ ಬೆರಳಿಟ್ಟ. “ಮೆಲ್ಲುಗ್ ಕಣವ್ವಾ! ಅಲ್ಲಾಡ್ಬುಟ್ಟಾತು!”