ನೆಂಟರ ಅನ್ನ

ತಟ್ಟೆ ಹೋದ ಹಾಗೆಯೇ ವಾಪಸು ಬಂದಿತ್ತು. ಅನ್ನದ ಗುಡ್ಡೆಯ ಒಂದು ಮೂಲೆಯನ್ನು ಕೋಳಿ ಕೆದಕಿದಷ್ಟು ಕೆದಕಿ, ಸಾರನ್ನು ಮುಟ್ಟದೆ, ಮೇಲೊಂದು ತಟ್ಟೆ ಮುಚ್ಚಿ ಹಿತ್ತಿಲ ಕಟ್ಟೆಯ ಮೇಲೆ ಇಟ್ಟಿದ್ದರು. ಮನು ಮುಚ್ಚಳ ಎತ್ತಿ ನೋಡಿ, ಟಣ್ ಎಂದು ಮತ್ತೆ ಮುಚ್ಚಿದ.

“ಇವತ್ತೂ ಉಣ್ಣಿಲ್ಲ ಕಣವ್ವ ಅವ್ಳು. ಇವ್ಳೇನು ಮಠದ ಸ್ವಾಮಿನಾ, ಗಾಳಿ ಕುಡ್ಕಂಡು ಬದುಕಕ್ಕೆ?”

“ಒಸಿ ಮೆಲ್ಲಗೆ ಮಾತಾಡ್ಲಾ,” ಎಂದಳು ಅವನ ತಾಯಿ ಮಾರಮ್ಮ, ಹಸುವಿನ ಕೆಚ್ಚಲಿನಿಂದ ಕೈ ತೆಗೆಯದೆ. “ಹುಳ ಜ್ವರಕ್ಕೆ ಕೂತಾಗ ಸೊಪ್ಪು ತಿಂತದಾ? ತಲೆ ಎತ್ಕಂಡು ಸುಮ್ಕೆ ಕೂತಿರ್ತದೆ. ಆಗ ಮುಟ್ಬಾರ್ದು. ಪೊರೆ ಬುಟ್ ಮ್ಯಾಲೆ ತಾನೇ ತಿಂತದೆ.”

“ಅವ್ಳು ರೇಷ್ಮೆ ಹುಳ ಅಲ್ಲ ಕಣವ್ವ. ನೇಪಾಳದೋಳು.”

“ಕೂತಿರೋದು ಹುಳದ ಮನೇಲೇ ಅಲ್ವಾ?”

ಅದಂತೂ ನಿಜ. ಮನೆಯ ಹಿಂದಿನ ಹುಳು ಸಾಕುವ ಕೋಣೆಗೆ ಮನುವೇ ಸುಣ್ಣ ಹೊಡೆದು, ತನ್ನ ಗಾಡಿಯ ಅಡುಗೆಯವನಿಗೆ ಬಿಟ್ಟುಕೊಟ್ಟಿದ್ದ. ನೊಣ ಬಾರದಂತೆ ಕಿಟಕಿಗೆ ಹೊಡೆದಿದ್ದ ಹಸಿರು ಬಲೆ ಹಾಗೇ ಇತ್ತು. ಆ ಬಲೆಯ ಹಿಂದೆ ಅಡುಗೆಯವನ ಹೆಂಡತಿ ಬೆಳಗಿನಿಂದ ಸಂಜೆಯವರೆಗೆ, ಮಾರಮ್ಮ ಹೇಳಿದ ಭಂಗಿಯಲ್ಲೇ, ತಲೆ ಎತ್ತಿಕೊಂಡು ಕೂತಿರುತ್ತಿದ್ದಳು. ಊರಿನಿಂದ ಬಂದಾಗ ತುಂಬಿಕೊಂಡಿದ್ದ ಕೆನ್ನೆ ಈಗ ಒಳಕ್ಕೆ ಹೋಗಿತ್ತು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮನುವಿಗೆ ಲೋಕದ ಮೇಲೆಲ್ಲ ಸಿಟ್ಟು. ಪಾಠ ಮಾಡದೆ ಬರೀ ಹೊಡೆದ ಮೇಷ್ಟರ ಮೇಲೆ, ನಿಲ್ಲಿಸಬೇಕಾದ ಜಾಗ ಬಿಟ್ಟು ಮುಂದೆ ಹೋಗಿ ನಿಲ್ಲುವ ಕನಕಪುರದ ಬಸ್ಸಿನ ಮೇಲೆ, ಹಾಫ್ ಪ್ಲೇಟ್ ತೆಗೆದುಕೊಂಡು ಫುಲ್ ಪ್ಲೇಟಿನ ಈರುಳ್ಳಿ ಕೇಳುವವರ ಮೇಲೆ. ಸಾತನೂರು ಸರ್ಕಲ್ಲಿನಲ್ಲಿ ಅವನ ‘ಚೈನೀಸ್ ಫಾಸ್ಟ್ ಫುಡ್’ ಗಾಡಿ ನಡೆಯುತ್ತಿದ್ದದ್ದು ಅಡುಗೆಯವ ಟೇಕ್ ಬಹಾದುರನ ಮುಖದಿಂದ. ಆ ಮುಖ ನೋಡಿದ ಮೇಲೆ ಗೋಬಿ ಮಂಚೂರಿ ಚೀನಾದಿಂದಲೇ ಇಳಿದು ಬಂದಿದೆ ಎಂದು ಗಿರಾಕಿಗಳಿಗೆ ನಂಬಿಕೆ. ಟೇಕ್ ಬಹಾದುರ ಅದನ್ನು ಕಲಿತದ್ದು ಬೆಂಗಳೂರಿನಲ್ಲಿ, ಮದ್ದೂರಿನ ಗೌಡರೊಬ್ಬರ ಹತ್ತಿರ. ಚೀನಾದ ದಿಕ್ಕಿಗೆ ಅವನು ತಲೆ ಹಾಕಿ ಮಲಗಿದವನೂ ಅಲ್ಲ.

ಕನ್ನಡವನ್ನು ಮಾತ್ರ ಅವನು ಈ ಗಾಡಿಯ ಮುಂದೆಯೇ ಕಲಿತ. ಗಾಡಿಯ ಮುಂದೆ ನಿಂತವರೆಲ್ಲ ಮನುವಿನ ಗೆಳೆಯರಾದ್ದರಿಂದ ಅವನ ಕನ್ನಡದಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದ ಇರಲಿಲ್ಲ. ಅವತ್ತು ಸಂಜೆ ಅವನು ಹಿತ್ತಿಲಿಗೆ ಬಂದು, ಕೈಕಟ್ಟಿ, ಬಹಳ ವಿನಯದಿಂದ ಹೇಳಿದ:

“ಅಮ್ಮ, ಭಾನ್ವಾರ ನಾವು ಊರ್ಗೆ ಹೋಯ್ತೀವಿ ಕಣ್ಲಾ.”

ಮಾರಮ್ಮ ‘ಲಾ’ಗೆ ಒಗ್ಗಿಹೋಗಿದ್ದಳು. ಹೋಗುವ ಮಾತಿಗೆ ಒಗ್ಗಲಾಗಲಿಲ್ಲ. “ಯಾಕಪ್ಪ? ನನ್ ಅಡ್ಗೆ ಸೇರಕ್ಕಿಲ್ವಾ?”

“ಅವ್ಳು ಅಳ್ತಾಳೆ. ನಾನು ಗಾಡಿಗೆ ಹೋಯ್ತೀನಿ, ಅಳ್ತಾಳೆ. ನಾನು ಬತ್ತೀನಿ, ಆಗ್ಲೂ ಅಳ್ತಾಳೆ. ಬುಟ್ಬುಡು ಅಮ್ಮ. ನಾನೂ ಅವ್ಳ ಜೊತೆ ಹೋಯ್ತೀನಿ, ಇನ್ ಬರಕ್ಕಿಲ್ಲ.”

ಮನು ಕಟ್ಟೆಯ ಮೇಲಿದ್ದ ಚೆಂಬನ್ನು ಒದ್ದ. ಚೆಂಬು ಹಸುವಿನ ಕಾಲಿಗೆ ತಗುಲಿತು. ಹಸು ಹಗ್ಗ ಜಗ್ಗಿತು. ಹಗ್ಗ ಹಿಡಿದಿದ್ದ ಮಾರಮ್ಮನ ಮಣಿಕಟ್ಟು ಉಳುಕಿತು.

ವಿಷಯ ತಿಳಿದ ಬೀದಿಯವರು ಸುಮ್ಮನಿರಲಿಲ್ಲ. ಒಬ್ಬರು ಮೆಣಸಿನಕಾಯಿ ನಿವಾಳಿಸಿ ಹೋದರು. ಇನ್ನೊಬ್ಬರು ತಾಯತ ತಂದರು. ಮೂರನೆಯವರು, ಅವರ ಕಡೆ ಇದೇ ಊಟವಂತೆ ಎಂದು, ನೂಡಲ್ಸ್ ಪೊಟ್ಟಣಗಳ ಮಾಲೆಯನ್ನೇ ಹುಳದ ಮನೆಯ ಬಾಗಿಲಿಗೆ ತೂಗುಹಾಕಿ ಹೋದರು. ಅದು ಗಾಳಿಗೆ ತೋರಣದ ಹಾಗೆ ಆಡುತ್ತಿತ್ತು. ದಿನವಿಡೀ ಗಂಡನ ಬಟ್ಟೆಯಲ್ಲಿ ಸೋಯಾ ಸಾಸಿನ ವಾಸನೆ ಕುಡಿಯುವ ಹೆಂಗಸು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಗೆ ಪಕ್ಕದ ಮನೆಯ ಇಸ್ಮತಳನ್ನು ಕರೆಸಿದರು. ಅವಳ ಗಂಡ ನಜೀರ್ ರಾಮನಗರದಲ್ಲಿ ರೇಷ್ಮೆ ಗೂಡು ಕೊಳ್ಳುವವನು. ಇಸ್ಮತಳ ಉರ್ದು, ಆ ಹೆಂಗಸಿನ ಹಿಂದಿ, ಎರಡೂ ಸೇರಿದರೆ ಒಂದು ಮಾತಾದೀತು ಎಂದು ಲೆಕ್ಕ. ಇಸ್ಮತ್ ಒಳಗೆ ಕೂತು, ಕೈ ಹಿಡಿದು, ಬಹಳ ಹೊತ್ತು ಮಾತಾಡಿಸಿ ಹೊರಗೆ ಬಂದಳು.

“ಹೆಸ್ರು ಬಿಷ್ಣುಮಾಯಾ ಅಂತೆ ಮಾರಮ್ಮಕ್ಕ.”

“ವಿಷ್ಣುಮಾಯೆನಾ?” ಮಾರಮ್ಮ ಕೆನ್ನೆ ತಟ್ಟಿಕೊಂಡಳು. “ದೇವ್ರ ಹೆಸ್ರು ಮಡಿಕಂಡು ನನ್ ಮನೇಲಿ ಉಪಾಸ ಕೂತವ್ಳಲ್ಲ. ನಂಗೆ ಒಳ್ಳೇದಾಯ್ತದಾ? ಊಟದ್ ವಿಚಾರ ಕೇಳಿದ್ಯಾ?”

“ಕೇಳ್ದೆ. ನಿಮ್ಮನೆ ಅನ್ನ ನೋಡಿದ್ರೆ ಮದ್ವೆ ಮನೇಲಿ ಕೂತಂಗೆ ಆಯ್ತದಂತೆ.”

ಮಾರಮ್ಮನ ಮುಖ ಅರಳಿತು. “ಕೇಳ್ದಾ ಮನು? ಮದ್ವೆ ಮನೆ ಊಟ ಅಂದವ್ಳೆ.”

“ಇನ್ನೂ ಐತೆ,” ಎಂದಳು ಇಸ್ಮತ್. “ಮದ್ವೆ ಮುಗಿದ್ ಮೇಲೆ ಮನೇಗೆ ಹೋಗ್ಬೇಕಲ್ವಾ ಅಂದ್ಳು.”

ಮಾರಮ್ಮ ಆ ಎರಡನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನದಿಂದ ಅನ್ನದ ಪಕ್ಕದಲ್ಲಿ ಹಪ್ಪಳವೂ ಹೋಗತೊಡಗಿತು. ಹಪ್ಪಳವೂ ವಾಪಸು ಬರತೊಡಗಿತು.

ಶನಿವಾರ ಸಂಜೆ ಮನು ಗಾಡಿ ತೆಗೆಯಲಿಲ್ಲ. ಸರ್ಕಲ್ಲಿಗೆ ಹೋಗಿ, ಮುಚ್ಚಿದ ಗಾಡಿಯನ್ನೇ ನೋಡಿ, ಅದನ್ನೂ ಬೈದು ಮನೆಗೆ ಬಂದ. ಹುಳದ ಮನೆಯ ಹೊಸ್ತಿಲಲ್ಲಿ ಒಂದು ಚೀಲ, ಬಾಯಿಗೆ ಹಗ್ಗ ಬಿಗಿದು, ಸಿದ್ಧವಾಗಿ ಕೂತಿತ್ತು.

“ಹೋಗೋರ್ನ ಬಯ್ಕಂಡು ಕಳಿಸ್ಬಾರ್ದು ಕಣ್ಲಾ,” ಎಂದು ಮಾರಮ್ಮ ಅನ್ನ, ತಿಳಿಸಾರು, ಶಾವಿಗೆ ಪಾಯಸ ಮಾಡಿಟ್ಟಿದ್ದಳು. ಅದು ನೆಂಟರಿಗೆ. ತನಗೆ ಮತ್ತು ಮಗನಿಗೆ ಎಂದಿನ ಹಾಗೆ ಹಿಟ್ಟು, ಎಂದರೆ ರಾಗಿ ಮುದ್ದೆ, ಮತ್ತು ಉಪ್ಪುಸಾರು. ನೆಂಟರ ಊಟ ಹೊರಗೆ ಹೋದ ಮೇಲೆ, ಅಡುಗೆಮನೆ ಬಾಗಿಲು ಹಾಕಿಕೊಂಡು, ಅವಳು ರಾಗಿ ಹಿಟ್ಟಿನ ಮಡಕೆಗೆ ಕೂತಳು. ಬಾಗಿಲು ಹಾಕಿಕೊಳ್ಳುವುದು ಅವಳ ತವರಿನಿಂದ ಬಂದ ಮರ್ಯಾದೆ. ಅಲ್ಲಿ ಅಳಿಯಂದಿರು ಬಂದರೆ ಹಿಟ್ಟಿನ ಮಡಕೆಯನ್ನು ಕೊಟ್ಟಿಗೆಗೆ ಸಾಗಿಸುತ್ತಿದ್ದರು. ಅಳಿಯಂದಿರೂ ತಮ್ಮ ಮನೆಯಲ್ಲಿ ಹಿಟ್ಟೇ ನುಂಗುವವರು. ಆದರೆ ಅದು ಬೇರೆ ಮಾತು.

ಆದರೆ ಕೈ ಕೇಳಲಿಲ್ಲ. ಉಳುಕಿದ ಮಣಿಕಟ್ಟಿನಲ್ಲಿ ಕೋಲು ತಿರುಗದೆ ಹಿಟ್ಟು ಗಂಟುಗಂಟಾಗಿ ನಿಂತಿತು. ಮಾರಮ್ಮ ಹಲ್ಲು ಕಚ್ಚಿ ಕೋಲು ಒತ್ತುತ್ತಿದ್ದಾಗ ಬಾಗಿಲು ಸರಿಯಿತು. ಮಧ್ಯಾಹ್ನದ ತಟ್ಟೆಯನ್ನು ತೊಳೆದು ಹಿಡಿದುಕೊಂಡು ಬಿಷ್ಣುಮಾಯಾ ನಿಂತಿದ್ದಳು.

ಮಾರಮ್ಮ ಸೆರಗಿನಿಂದ ಮಡಕೆ ಮುಚ್ಚಿದಳು.

“ಏನಿಲ್ಲ ಕಣವ್ವ, ಇದು ಹಸೀಗೆ,” ಎಂದಳು. ಅರ್ಥವಾಗಲಿಲ್ಲವೇನೋ ಎಂದು ತಲೆಯ ಮೇಲೆ ಎರಡು ಬೆರಳಿಟ್ಟು ಕೊಂಬು ಮಾಡಿ ತೋರಿಸಿದಳು. ಅದೂ ಸಾಲದೆಂದು ಅಂಬಾ ಎಂದಳು. ಹೊರಗಿನಿಂದ ಹಸು ಉತ್ತರ ಕೊಟ್ಟಿತು.

ಬಿಷ್ಣುಮಾಯಾ ಕೊಂಬನ್ನು ನೋಡಲಿಲ್ಲ. ಅವಳ ಮೂಗಿನ ಹೊಳ್ಳೆಗಳು ಅಗಲವಾದವು. ತಟ್ಟೆಯನ್ನು ನೆಲಕ್ಕಿಟ್ಟು, ಮಾರಮ್ಮನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ, ಮಡಕೆಯೊಳಗೆ ಬಗ್ಗಿದಳು. ಗಂಟುಗಳನ್ನು ಕಂಡು ತುಟಿ ಸೊಟ್ಟ ಮಾಡಿದಳು. ಆಮೇಲೆ ಮಾರಮ್ಮನ ಕೈಯಿಂದ ಕೋಲು ಕಿತ್ತುಕೊಂಡು, ಮಡಕೆಯ ಕಂಠವನ್ನು ಬಟ್ಟೆಯಿಂದ ಹಿಡಿದು, ಮೊಣಕಾಲೂರಿ ಕೂತಳು.

“ಮನು,” ಎಂದು ಮಾರಮ್ಮ ಕೂಗಿದಳು. “ಬಾರ್ಲಾ ಇಲ್ಲಿ. ಇವ್ಳು ಮಡಕೆಗೇ ಕೈ ಹಾಕ್ಬುಟ್ಳು.”

ಮನು ಬಂದ. ವಿದಾಯ ಹೇಳಲೆಂದು ಬಿರಿಯಾನಿಯ ಡಬ್ಬಿ ಹಿಡಿದುಕೊಂಡು ಬಂದಿದ್ದ ಇಸ್ಮತಳೂ ಬಂದಳು. ಇಬ್ಬರ ಹಿಂದೆ ಟೇಕ್ ಬಹಾದುರ ಓಡಿ ಬಂದ, ಮಡಕೆಯ ಮುಂದೆ ಹೆಂಡತಿಯನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನಿಂತ.

“ಬುಡ್ಸಮ್ಮ, ಬುಡ್ಸು. ಅದು ಅವ್ಳು ತಿನ್ನಂಗಿಲ್ಲ ಕಣ್ಲಾ.”

“ಯಾಕೆ? ಕಾಯಿಲೆನಾ?” ಎಂದಳು ಮಾರಮ್ಮ.

“ಅವ್ಳಪ್ಪಂಗೆ ಮಾತು ಕೊಟ್ಟಿದೀನಿ. ನಿನ್ ಮಗ್ಳು ಇನ್ನು ಇದು ಮುಟ್ಟಕ್ಕಿಲ್ಲ, ಎರಡೊತ್ತೂ ಅನ್ನ ಉಣ್ತಾಳೆ ಅಂತ.” ಅವನು ನೆಲ ನೋಡಿದ. “ನಮ್ ಬೆಟ್ಟದಾಗೂ ಇದೇ ರಾಗಿ. ಢಿಂಡೋ ಅಂತೀವಿ. ಇಲ್ದೋರ ಊಟ.”

ಮಾರಮ್ಮ ಉಳುಕಿದ ಕೈಯನ್ನು ಸೊಂಟಕ್ಕಿಟ್ಟಳು. “ಇಲ್ದೋರ ಊಟನಾ? ನಾವೇನು ಇಲ್ದೋರೇನ್ಲಾ?”

“ನೀನು ಅಲ್ಲ ಅಮ್ಮ, ನಾವು...”

“ತಡಿ ತಡಿ,” ಎಂದ ಮನು. ಅವನ ಸಿಟ್ಟಿಗೆ ಅಷ್ಟು ದಿನಗಳಿಂದ ಬೇಕಾಗಿದ್ದ ಜಾಗ ಈಗ ಸಿಕ್ಕಿತ್ತು. “ಮದ್ಯಾನ ಗಾಡಿ ಹಿಂದೆ ಕೂತ್ಕಂಡು ನನ್ ಬುತ್ತಿ ಮುದ್ದೇಲಿ ಅರ್ಧ ಕಿತ್ಕಂಡು ನುಂಗ್ತೀಯಲ್ಲಲೇ ದಿನಾ. ನೀನು ನುಂಗೋದು, ಅವ್ಳ್ನ ಅನ್ನ ತಿಂದು ಸಾಯಿ ಅನ್ನೋದಾ?”

ಇಸ್ಮತ್ ಇದನ್ನು ಬಿಷ್ಣುಮಾಯಾಳಿಗೆ ಹಿಂದಿಗೆ ಮಾಡಿ ಹೇಳಿದಳು. ಟೇಕ್ ಬಹಾದುರ ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡದ್ದರಿಂದ ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದಳು.

ಬಿಷ್ಣುಮಾಯಾ ಕೋಲು ನಿಲ್ಲಿಸಿದಳು. ಈ ಊರಿಗೆ ಬಂದ ಮೇಲೆ ಅವಳ ದನಿ ಇಸ್ಮತಳನ್ನು ಬಿಟ್ಟರೆ ಬೀದಿಯಲ್ಲಿ ಯಾರಿಗೂ ಕೇಳಿರಲಿಲ್ಲ. ಈಗ ಬೀದಿಯ ಕೊನೆಯವರೆಗೆ ಕೇಳಿತು. ತನ್ನ ಭಾಷೆಯಲ್ಲಿ, ಕೋಲಿನ ತುದಿಯನ್ನು ಗಂಡನ ಎದೆಯ ಕಡೆ ತೋರಿಸುತ್ತಾ, ಉಸಿರು ತೆಗೆದುಕೊಳ್ಳದೆ ಬೈದಳು. ಹಿಟ್ಟಿನ ಒಂದು ತುಣುಕು ಹಾರಿ ಅವನ ಅಂಗಿಗೆ ಅಂಟಿತು. ಮಾರಮ್ಮ ಪ್ರತಿ ಮಾತಿಗೂ “ಹೂಂ, ಮತ್ತೆ,” ಎಂದು ತಲೆಯಾಡಿಸುತ್ತಿದ್ದಳು.

“ಏನಂದ್ಳು?” ಎಂದು ಮನು ಮೆಲ್ಲಗೆ ಕೇಳಿದ.

“ಹಿಂದೀಲಿ ಅನ್ನಿಲ್ಲ,” ಎಂದಳು ಇಸ್ಮತ್. “ಅಂದಿದ್ರೂ ನಾನು ಹೇಳ್ತಿರ್ಲಿಲ್ಲ.”

ಬೈದು ಮುಗಿಸಿ ಬಿಷ್ಣುಮಾಯಾ ಹಿಟ್ಟನ್ನು ಮತ್ತೆ ತಿರುವಿದಳು. ಗಂಟು ಒಂದೂ ಉಳಿಯಲಿಲ್ಲ. ಆದರೆ ಅವಳು ಅದನ್ನು ಉಂಡೆ ಕಟ್ಟದೆ ತಟ್ಟೆಗೆ ಹಾಗೇ ಸುರಿದು, ಮೇಲೆ ಕೈ ಸವರಿಬಿಟ್ಟಳು. ಮಾರಮ್ಮನಿಗೆ ತಡೆಯಲಾಗಲಿಲ್ಲ.

“ಅಯ್ಯೋ ಮಾರಾಯ್ತಿ, ಸಗಣಿ ತಟ್ದಂಗೆ ತಟ್ಟೀಯಲ್ಲ. ಸರ್ಕ.”

ಒಳ್ಳೆಯ ಕೈಯಲ್ಲಿ ನೀರು ಸವರಿಕೊಂಡು ಮಾರಮ್ಮ ಅದನ್ನು ಉರುಳಿಸಿ ಉಂಡೆ ಮಾಡಿದಳು. ಬಿಷ್ಣುಮಾಯಾ ಅದನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದಳು. ಮಾರಮ್ಮ ಮತ್ತೆ ಉಂಡೆ ಮಾಡಿದಳು. ಬಿಷ್ಣುಮಾಯಾ ಮತ್ತೆ ಒತ್ತಿದಳು. ಒಂದು ಭಾಷೆಯವರು “ಹಿಂಗೆ” ಎನ್ನುತ್ತಿದ್ದರು, ಇನ್ನೊಂದು ಭಾಷೆಯವರೂ ಅದನ್ನೇ ಎನ್ನುತ್ತಿದ್ದರು.

“ಆರೋಯ್ತದೆ, ಉಣ್ರವ್ವ ಮೊದ್ಲು,” ಎಂದ ಮನು.

ಬಿಷ್ಣುಮಾಯಾ ಅಂಚಿನಿಂದ ಒಂದು ತುತ್ತು ಮುರಿದಳು. ಉಪ್ಪುಸಾರಿನಲ್ಲಿ ಹೊರಳಿಸಿದಳು. ಮಾರಮ್ಮ ಅವಳ ದವಡೆಯನ್ನೇ ನೋಡುತ್ತಿದ್ದಳು. ಹೊರಗಿನವರು ಹಿಟ್ಟನ್ನು ಅಗಿಯುತ್ತಾರೆ, ಅಗಿದರೆ ಹಲ್ಲಿಗೆ ಮೆತ್ತುತ್ತದೆ, ಮೆತ್ತಿದರೆ ಮುಖ ಕಿವುಚುತ್ತಾರೆ. ಅಂಥವರನ್ನು ಮಾರಮ್ಮ ಎಷ್ಟು ನೋಡಿಲ್ಲ.

ದವಡೆ ಅಲ್ಲಾಡಲಿಲ್ಲ. ತುತ್ತು ಗಂಟಲಲ್ಲಿ ಉರುಳಿ ಇಳಿದದ್ದು ಕಾಣಿಸಿತು. ಆಮೇಲೆ ಇನ್ನೊಂದು ತುತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ.

“ಖಾರ ಜಾಸ್ತಿ ಆಯ್ತೇನೋ,” ಎಂದಳು ಮಾರಮ್ಮ.

ನೆಂಟರಿಗೆಂದು ಮಾಡಿದ್ದ ಅನ್ನ, ತಿಳಿಸಾರು, ಪಾಯಸವನ್ನು ಟೇಕ್ ಬಹಾದುರ ಒಬ್ಬನೇ ಹೊರಗೆ ಕಟ್ಟೆಯ ಮೇಲೆ ಕೂತು ಉಂಡ. ಹಿಟ್ಟು ಕೇಳಿದ್ದಕ್ಕೆ ಮಾರಮ್ಮ ಕೊಡಲಿಲ್ಲ. “ನೀನು ಅನ್ನ ಉಣ್ಣೋನು ಕಣಪ್ಪ,” ಎಂದಳು.

ಭಾನುವಾರ ಬೆಳಿಗ್ಗೆ ಮನು ಹಲ್ಲುಜ್ಜುತ್ತಾ ಹಿತ್ತಿಲಿಗೆ ಬಂದಾಗ ಹುಳದ ಮನೆಯ ಹೊಸ್ತಿಲಲ್ಲಿ ಚೀಲ ಹಾಗೇ ಇತ್ತು. ಹಗ್ಗವನ್ನೂ ಬಿಚ್ಚಿರಲಿಲ್ಲ. ಕೇಳುವುದಕ್ಕೆ ಅವನಿಗೆ ಧೈರ್ಯ ಬರಲಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.

ಬೇಲಿಯ ಹತ್ತಿರದ ಹಳೆಯ ಹಿಪ್ಪುನೇರಳೆ ಮರದ ಕೆಳಗೆ ಬಿಷ್ಣುಮಾಯಾ ಕೂತಿದ್ದಳು. ಮಚ್ಚಿನಿಂದ ಒಂದು ಗಟ್ಟಿ ಕೊಂಬೆ ಕಡಿದು, ಸಿಪ್ಪೆ ಸುಲಿದು, ತುದಿಯನ್ನು ಚಪ್ಪಟೆಯಾಗಿ ಕೆತ್ತುತ್ತಿದ್ದಳು. ಪಕ್ಕದಲ್ಲಿ ನಿಂತ ಮಾರಮ್ಮ, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ತುದಿ ಗುಂಡಗಿರಬೇಕು ಎಂದು ಕೈಯಲ್ಲಿ ಗುಂಡಗೆ ಮಾಡಿ ತೋರಿಸುತ್ತಿದ್ದಳು. ಬಿಷ್ಣುಮಾಯಾ ಅದನ್ನು ನೋಡಿ, ತಲೆಯಾಡಿಸಿ, ಮತ್ತೆ ಚಪ್ಪಟೆಯಾಗಿಯೇ ಕೆತ್ತಿದಳು.

ಸರ್ಕಲ್ಲಿನ ಕಡೆಯಿಂದ, ಅವರು ಹಿಡಿಯಬೇಕಿದ್ದ ಬೆಂಗಳೂರು ಬಸ್ಸಿನ ಹಾರನ್ ಕೇಳಿತು. ಮನು ಬಾಯಿಯ ನೊರೆ ಉಗಿಯುವುದನ್ನೂ ಮರೆತು ನಿಂತ.

ಬಿಷ್ಣುಮಾಯಾ ಎದ್ದಳು. ಕೋಲನ್ನು ಮೂಸಿದಳು. ಹಾಲಿನಂತೆ ಬೆಳ್ಳಗಿದ್ದ ಆ ಕೋಲು ಇನ್ನೂ ಹಸಿ, ಬಿಸಿ ಹಿಟ್ಟಿಗೆ ಇಳಿಸಬೇಕಾದರೆ ಬಿಸಿಲಲ್ಲಿ ಚೆನ್ನಾಗಿ ಒಣಗಬೇಕು. ಅವಳು ಅದನ್ನು ಹುಳದ ಮನೆಯ ಹಸಿರು ಬಲೆಗೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬಿಸಿಲು ಬೀಳದ ಮಗ್ಗುಲನ್ನು ಮುಂದಕ್ಕೆ ತಿರುಗಿಸಿಟ್ಟಳು.